ಗಿಟ್ ರೆಪೊ ಪೂರ್ತಿ ಇಳಿಸಬೇಕಾ, ಅರ್ಧ ಸಾಕಾ? ಆರಿಸುವ ಮೊದಲು ಪರೀಕ್ಷಿಸಿ ನೋಡುವ ಬಗೆ

ನಾನು ಮೈಸೂರಿನ ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ತಂಡದಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದದ್ದು. ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ಒಂದು ಬೆಳಿಗ್ಗೆ ಬಿಲ್ ಲೆಕ್ಕ ಹಾಕುವ ಫೈಲ್‌ನಲ್ಲಿ ತಪ್ಪು ಸಿಕ್ಕಿತು. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ ಗಿಟ್; ಫೈಲ್‌ಗಳೂ ಅವುಗಳ ಇತಿಹಾಸವೂ ಇರುವ ಅದರ ಉಗ್ರಾಣ ರೆಪೊ. ಯಾರು ಬರೆದದ್ದು ಅಂತ ನೋಡಲು ಒಬ್ಬರು ಗಿಟ್ ಬ್ಲೇಮ್ ಓಡಿಸಿದರು, ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರ ಹೆಸರು ತೋರಿಸುವ ಆಜ್ಞೆ ಅದು. ಫೈಲ್‌ನ ಒಂದೊಂದು ಸಾಲಿನ ಮುಂದೆಯೂ ಅವಳ ಹೆಸರೇ ಬಂತು. ಎಲ್ಲರ ಎದುರಿಗೆ ಅವಳನ್ನು ಕೇಳಿದರು. ಹಿಂದಿನ ದಿನ ಬೇರೆ ಫೈಲ್‌ನಲ್ಲಿ ಒಂದು ಕಾಗುಣಿತದ ತಪ್ಪು ತಿದ್ದಿದ್ದು ಬಿಟ್ಟರೆ ಅವಳು ಏನನ್ನೂ ಮುಟ್ಟಿರಲಿಲ್ಲ. ಹಾಗಂತ ಹೇಳಿದಳು. ಸ್ಕ್ರೀನ್ ಮೇಲೆ ಹೆಸರು ಕಾಣುತ್ತಿದ್ದುದರಿಂದ ಯಾರೂ ನಂಬಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ನಾನು ಬ್ಲೇಮ್ ಓಡಿಸಿದ್ದ ಯಂತ್ರದ ಮುಂದೆ ಕೂತು ನೋಡಿದೆ. ಪ್ರತಿ ಸಾಲಿನ ಕಮಿಟ್ (ಒಮ್ಮೆಗೆ ದಾಖಲಿಸಿದ ಬದಲಾವಣೆ) ಸಂಖ್ಯೆಯ ಮುಂದೆ ಒಂದು ಸಣ್ಣ ಟೋಪಿ ಗುರುತು ಇತ್ತು, ಮೇಲ್ಮುಖ ಬಾಣದಂಥದ್ದು. 'ಇಲ್ಲಿಂದ ಹಿಂದಕ್ಕೆ ನನ್ನ ಹತ್ತಿರ ಇತಿಹಾಸ ಇಲ್ಲ' ಅನ್ನೋದನ್ನು ಗಿಟ್ ಹೇಳುವುದು ಹಾಗೆ. ಆ ರೆಪೊವನ್ನು ಯಾರೋ ಬೇಗ ಆಗಲಿ ಅಂತ ಒಂದೇ ಕಮಿಟ್ ಆಳಕ್ಕೆ ಇಳಿಸಿಕೊಂಡಿದ್ದರು. ಆ ಒಂದು ಕಮಿಟ್ ಅವಳದಾಗಿತ್ತು. ಅದಕ್ಕೇ ಇಡೀ ಫೈಲ್ ಅವಳ ತಲೆಗೆ ಬಂದಿತ್ತು.

ಅವತ್ತಿನಿಂದ ಯಾರಾದರೂ 'ರೆಪೊ ದೊಡ್ಡದು, ಬೇಗ ಇಳಿಯೋ ಥರ ಏನಾದರೂ ಹೇಳಿ' ಅಂದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಇಳಿಸಿಕೊಂಡ ಮೇಲೆ ಅದರ ಇತಿಹಾಸವನ್ನು ಏನೇನು ಕೇಳುತ್ತೀರಿ? ಎಷ್ಟು ಎಂಬಿ ಉಳಿಯುತ್ತದೆ ಅನ್ನೋದು ಆಮೇಲಿನ ಮಾತು.

ಒಂದು ಸೂಚನೆ. ಇಲ್ಲಿ ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ರೆಪೊ ಒಳಗೆ ಇರೋದು ಏನು

ಗಿಟ್ ಮುಖ್ಯವಾಗಿ ಮೂರು ಬಗೆಯ ವಸ್ತುಗಳನ್ನು ಇಟ್ಟುಕೊಳ್ಳುತ್ತದೆ. ಫೈಲ್‌ನ ಒಳಗಿನ ವಿಷಯ ಬ್ಲಾಬ್. ಯಾವ ಫೋಲ್ಡರ್‌ನಲ್ಲಿ ಯಾವ ಫೈಲ್ ಇದೆ ಅನ್ನುವ ಪಟ್ಟಿ ಟ್ರೀ. ಯಾರು, ಯಾವಾಗ, ಯಾಕೆ ಬದಲಿಸಿದರು, ಅದಕ್ಕೆ ಮೊದಲಿನ ಕಮಿಟ್ ಯಾವುದು ಅನ್ನೋದು ಕಮಿಟ್. ಒಂದು ಕಮಿಟ್‌ಗೆ ಹೆಸರು ಅಂಟಿಸುವ ಟ್ಯಾಗ್ ಅಂತ ನಾಲ್ಕನೆಯದೂ ಇದೆ, ಅದು ತೂಕದ ಲೆಕ್ಕಕ್ಕೆ ಬರೋದಿಲ್ಲ. ಹಳೆಯ ರೆಪೊಗಳಲ್ಲಿ ಜಾಸ್ತಿ ಜಾಗ ತಿನ್ನುವುದು ಸಾಮಾನ್ಯವಾಗಿ ಬ್ಲಾಬ್‌ಗಳು. ಚಿತ್ರ, ಪಿಡಿಎಫ್, ಯಾರೋ ಮರೆತು ಹಾಕಿದ ಜಿಪ್ ಫೈಲ್ ಇದ್ದರಂತೂ ಕೇಳಲೇಬೇಡಿ.

ರೆಪೊವನ್ನು ಸರ್ವರ್‌ನಿಂದ ನಿಮ್ಮ ಯಂತ್ರಕ್ಕೆ ಇಳಿಸಿಕೊಂಡ ಪ್ರತಿಯೇ ಕ್ಲೋನ್. ಪೂರ್ತಿ ಕ್ಲೋನ್ ಅಂದರೆ ಮೂರೂ ಬಗೆಯದು, ಮೊದಲ ದಿನದಿಂದ ಇವತ್ತಿನವರೆಗೆ. ಶಾಲೋ ಕ್ಲೋನ್ ಅಂದರೆ ಇತಿಹಾಸವನ್ನೇ ಕತ್ತರಿಸಿ ಕೊನೆಯ ಕೆಲವು ಕಮಿಟ್ ಮಾತ್ರ ತರುವುದು. ಪಾರ್ಷಿಯಲ್ ಕ್ಲೋನ್ ಇವೆರಡಕ್ಕಿಂತ ಬೇರೆ. ಇತಿಹಾಸ ಪೂರ್ತಿ ಬರುತ್ತದೆ, ತೂಕದ ವಸ್ತುಗಳನ್ನು ಮಾತ್ರ ಸರ್ವರ್‌ನಲ್ಲೇ ಬಿಟ್ಟು ಬರುತ್ತೀರಿ. ಬೇಕಾದ ಕ್ಷಣದಲ್ಲಿ ಗಿಟ್ ತಾನೇ ಹೋಗಿ ತರುತ್ತದೆ. 2018ರಲ್ಲಿ ಬಂದ ಗಿಟ್ 2.17ರಿಂದ ಇದು ಬಳಕೆದಾರರ ಕೈಗೆ ಸಿಕ್ಕಿತು.

ಮಂಡ್ಯದವರಿಗೆ ಇದನ್ನು ನಾಲೆಯ ಮಾತಿನಲ್ಲಿ ಹೇಳಿದರೆ ಥಟ್ಟನೆ ಹಿಡಿಯುತ್ತದೆ. ಪೂರ್ತಿ ಕ್ಲೋನ್ ಅಂದರೆ ಸ್ವಂತ ಗದ್ದೆಯಲ್ಲಿ ಬಾವಿ ತೋಡಿಸಿದ ಹಾಗೆ. ಖರ್ಚು ಮೊದಲೇ ಆಗಿಹೋಗುತ್ತದೆ, ಆಮೇಲೆ ಯಾರನ್ನೂ ಕೇಳಬೇಕಿಲ್ಲ. ಪಾರ್ಷಿಯಲ್ ಕ್ಲೋನ್ ವಿಶ್ವೇಶ್ವರಯ್ಯ ನಾಲೆಯ ತೂಬು. ಎತ್ತಿದಾಗ ನೀರು ಬರುತ್ತದೆ. ಮೇಲೆ ಕಟ್ಟೆಯಲ್ಲಿ ಬಿಟ್ಟಿಲ್ಲ ಅಂದರೆ ತೂಬು ಎತ್ತಿ ಏನು ಬಂತು? ಇಲ್ಲಿ ಕಟ್ಟೆಯ ಜಾಗದಲ್ಲಿ ಸರ್ವರ್ ಇದೆ. ಗಿಟ್ ಅದನ್ನು ಪ್ರಾಮಿಸರ್ ಅಂತ ಕರೆಯುತ್ತದೆ, ಅಂದರೆ ಕೇಳಿದಾಗ ಕೊಡುತ್ತೇನೆ ಅಂತ ಮಾತು ಕೊಟ್ಟವನು.

ಮನೆಯಲ್ಲೇ ಒಂದು ಪರೀಕ್ಷಾ ರೆಪೊ

ದೊಡ್ಡ ರೆಪೊ ಮೇಲೆ ನೇರವಾಗಿ ಪ್ರಯೋಗ ಮಾಡಿದರೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಎಣಿಸಲು ಆಗುವಷ್ಟು ಚಿಕ್ಕದನ್ನು ಮಾಡಿಕೊಳ್ಳಿ. ನಾನು ಯಾವಾಗಲೂ ಮಾಡೋದು ಇದು: ಒಂದೇ ಫೈಲ್, ಹೆಸರು ಕೆಆರ್‌ಎಸ್. ದಿನಕ್ಕೊಂದು ಸಾಲಿನಂತೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ಬರೆಯುವುದು. 120 ಅಡಿ, 121 ಅಡಿ, ಹೀಗೆ ತುಂಬಿದ ಮಟ್ಟ 124.80 ಅಡಿವರೆಗೆ. ಸಂಖ್ಯೆ ಸುಮ್ನೆ ಊಹಿಸಿಕೊಂಡರೂ ಸಾಕು. ಒಂದು ಸಾಲು ಸೇರಿಸಿ, ಕಮಿಟ್ ಮಾಡಿ. ಹತ್ತು ಸಲ.

ಈಗ ಲೆಕ್ಕ ಸುಲಭ. 10 ಕಮಿಟ್, 10 ಟ್ರೀ, 10 ಬ್ಲಾಬ್. ಒಟ್ಟು 30 ವಸ್ತು. ಯಾವ ಬಗೆಯ ಕ್ಲೋನ್ ಮಾಡಿದರೂ ಈ 30ರಲ್ಲಿ ಎಷ್ಟು ಬಂತು, ಎಷ್ಟು ಬರಲಿಲ್ಲ ಅಂತ ಬೆರಳಲ್ಲಿ ಎಣಿಸಬಹುದು.

ಇಲ್ಲಿ ಬಹಳ ಜನ ಎಡವುವ ಕಲ್ಲು ಒಂದಿದೆ. ಒಂದೇ ಯಂತ್ರದಲ್ಲಿ ಒಂದು ಫೋಲ್ಡರ್‌ನಿಂದ ಇನ್ನೊಂದು ಫೋಲ್ಡರ್‌ಗೆ ಬರೀ ದಾರಿ ಕೊಟ್ಟು ಕ್ಲೋನ್ ಮಾಡಿದರೆ ಯಾವ ವಸ್ತು ಬಿಟ್ಟು ಬರಬೇಕು ಅಂತ ಹೇಳುವ ಫಿಲ್ಟರ್ ಆಯ್ಕೆಯನ್ನು ಗಿಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಷ್ಟು ಕಮಿಟ್ ಆಳಕ್ಕೆ ಇಳಿಸಬೇಕು ಅಂತ ಹೇಳುವ ಡೆಪ್ತ್ ಆಯ್ಕೆಯದೂ ಅದೇ ಗತಿ. ಒಂದು ಸಾಲಿನ ಎಚ್ಚರಿಕೆ ಕೊಟ್ಟು ಪೂರ್ತಿ ನಕಲು ಮಾಡಿಬಿಡುತ್ತದೆ. ನೀವು 'ಓಹೋ, ಪಾರ್ಷಿಯಲ್ ಕ್ಲೋನ್‌ನಿಂದ ಏನೂ ಉಳಿಯಲಿಲ್ಲ' ಅಂದುಕೊಳ್ಳುತ್ತೀರಿ. ವಿಳಾಸದ ಮುಂದೆ ಫೈಲ್:// ಅಂತ ಹಾಕಿ. ಆಗ ಗಿಟ್ ನೆಟ್‌ವರ್ಕ್‌ನಲ್ಲಿ ಮಾತಾಡುವ ಹಾಗೆಯೇ ಮಾತಾಡುತ್ತದೆ.

ಇನ್ನೊಂದು, ಮೂಲ ರೆಪೊದಲ್ಲಿ ಫಿಲ್ಟರ್‌ಗೆ ಅನುಮತಿ ಇರಬೇಕು. ಮೂಲ ರೆಪೊ ಒಳಗೆ ನಿಂತು ಈ ಎರಡು ಸಾಲು:

ಗಿಟ್ ಕಾನ್ಫಿಗ್ ಅಪ್‌ಲೋಡ್‌ಪ್ಯಾಕ್.ಅಲೋಫಿಲ್ಟರ್ ಟ್ರೂ
ಗಿಟ್ ಕಾನ್ಫಿಗ್ ಅಪ್‌ಲೋಡ್‌ಪ್ಯಾಕ್.ಅಲೋಎನಿಎಸ್‌ಎಚ್‌ಎ1ಇನ್‌ವಾಂಟ್ ಟ್ರೂ

ಅನುಮತಿ ಇಲ್ಲದಿದ್ದರೆ ಸರ್ವರ್‌ಗೆ ಫಿಲ್ಟರ್ ಗೊತ್ತಿಲ್ಲ ಅಂತ ಒಂದು ಎಚ್ಚರಿಕೆ ಬರುತ್ತದೆ, ಮತ್ತೆ ಪೂರ್ತಿ ಕ್ಲೋನ್ ಆಗುತ್ತದೆ. ಕೆಲಸ ನಿಲ್ಲದೆ ಮುಂದೆ ಹೋಗುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ರೆಪೊಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಡುವ ಗಿಟ್‌ಹಬ್, ಗಿಟ್‌ಲ್ಯಾಬ್ ಎರಡೂ ಫಿಲ್ಟರ್‌ಗೆ ಒಪ್ಪುತ್ತವೆ. ಆಫೀಸಿನಲ್ಲೋ ಕಾಲೇಜಿನಲ್ಲೋ ಸ್ವಂತ ಸರ್ವರ್ ನಡೆಸುವವರು ಮೊದಲು ಇದನ್ನೇ ನೋಡಬೇಕು.

ಎಣಿಸಲು ಎರಡು ಆಜ್ಞೆ ಸಾಕು. ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿ ಅಂದರೆ ಇನ್-ಪ್ಯಾಕ್ ಅನ್ನುವ ಸಾಲಿನಲ್ಲಿ ಎಷ್ಟು ವಸ್ತು ನಿಮ್ಮ ಹತ್ತಿರ ಇದೆ ಅಂತ ತೋರಿಸುತ್ತದೆ. ಏನಿಲ್ಲ ಅಂತ ತಿಳಿಯಲು ಇದು:

ಗಿಟ್ ರೆವ್-ಲಿಸ್ಟ್ --ಆಬ್ಜೆಕ್ಟ್ಸ್ --ಆಲ್ --ಮಿಸ್ಸಿಂಗ್=ಪ್ರಿಂಟ್

ಇದರಲ್ಲಿ ಪ್ರಶ್ನೆಗುರುತಿನಿಂದ ಶುರುವಾಗುವ ಸಾಲುಗಳು ನಿಮ್ಮ ಹತ್ತಿರ ಇಲ್ಲದ ವಸ್ತುಗಳು. ಈ ಆಜ್ಞೆ ತಾನಾಗಿ ಏನನ್ನೂ ಸರ್ವರ್‌ನಿಂದ ತರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಗಿಟ್ ಬರೆಯುವವರು ತಮ್ಮ ಪರೀಕ್ಷೆಗಳಲ್ಲಿ ಪಾರ್ಷಿಯಲ್ ಕ್ಲೋನ್ ಸರಿಯಾಗಿದೆಯಾ ಅಂತ ನೋಡುವುದೂ ಇದೇ ಪ್ರಶ್ನೆಗುರುತುಗಳನ್ನು ಎಣಿಸಿಯೇ.

ಒಂದೇ ಫೈಲ್, ಮೂರು ಉತ್ತರ

ಪೂರ್ತಿ ಕ್ಲೋನ್ ಮಾಡಿ. 30 ವಸ್ತು. ಪ್ರಶ್ನೆಗುರುತು ಒಂದೂ ಇಲ್ಲ. ಬ್ಲೇಮ್ ಓಡಿಸಿದರೆ ಹತ್ತು ಸಾಲಿಗೆ ಹತ್ತು ಬೇರೆ ಬೇರೆ ಕಮಿಟ್. ಇದು ಅಳತೆಗೋಲು. ಉಳಿದದ್ದನ್ನು ಇದಕ್ಕೆ ಹೋಲಿಸಬೇಕು.

ಈಗ ಶಾಲೋ. ಗಿಟ್ ಕ್ಲೋನ್ --ಡೆಪ್ತ್=1. ಬಂದದ್ದು 3 ವಸ್ತು: ಒಂದು ಕಮಿಟ್, ಒಂದು ಟ್ರೀ, ಒಂದು ಬ್ಲಾಬ್. 30ಕ್ಕೆ 3 ಅಂದರೆ ಯಾರಿಗೆ ಆಸೆ ಆಗುವುದಿಲ್ಲ? ಪ್ರಶ್ನೆಗುರುತು ಎಣಿಸಿ. ಸೊನ್ನೆ. ಗಿಟ್ ಪ್ರಕಾರ ಏನೂ ಕಮ್ಮಿ ಇಲ್ಲ. ಇತಿಹಾಸ ಇಲ್ಲಿಂದಲೇ ಶುರು ಅಂತ ಅದು ನಂಬಿಕೊಂಡಿದೆ. ಆ ಗಡಿ ಎಲ್ಲಿದೆ ಅಂತ ಗಿಟ್ ಫೋಲ್ಡರ್ ಒಳಗಿನ ಶಾಲೋ ಅನ್ನುವ ಫೈಲ್‌ನಲ್ಲಿ ಬರೆದಿಟ್ಟಿರುತ್ತದೆ, ಬೇಕಾದರೆ ತೆರೆದು ನೋಡಿ. ಈಗ ಬ್ಲೇಮ್ ಓಡಿಸಿ. ಹತ್ತು ಸಾಲೂ ಹತ್ತನೇ ದಿನದ ಕಮಿಟ್‌ಗೆ ಸೇರುತ್ತವೆ. ಮೊದಲ ದಿನ ಬರೆದ ಸಾಲು ಕೂಡ. ಟೋಪಿ ಗುರುತು ಬಿಟ್ಟರೆ ಬೇರೆ ಎಚ್ಚರಿಕೆ ಇಲ್ಲ. ನಮ್ಮ ಹುಡುಗಿಗೆ ಆದದ್ದು ಇದೇ.

ಈಗ ಬ್ಲಾಬ್ ಒಂದನ್ನೂ ತರದ ಬ್ಲಾಬ್‌ಲೆಸ್ ನೋಡಿ. ಪಾರ್ಷಿಯಲ್ ಕ್ಲೋನ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದು.

ಗಿಟ್ ಕ್ಲೋನ್ --ನೋ-ಚೆಕೌಟ್ --ಫಿಲ್ಟರ್=ಬ್ಲಾಬ್:ನನ್ ಫೈಲ್://ದಾರಿ

ಚೆಕೌಟ್ ಅಂದರೆ ಉಗ್ರಾಣದಿಂದ ಫೈಲ್‌ಗಳನ್ನು ತೆಗೆದು ಫೋಲ್ಡರ್‌ನಲ್ಲಿ ಇಡುವುದು. ಅದು ಬೇಡ ಅಂದದ್ದು ಎಣಿಕೆ ಚೊಕ್ಕವಾಗಿರಲಿ ಅಂತ. 10 ಕಮಿಟ್, 10 ಟ್ರೀ ಬಂದವು. ಪ್ರಶ್ನೆಗುರುತು ಹತ್ತು. ಈಗ ಚೆಕೌಟ್ ಮಾಡಿ, ಇವತ್ತಿನ ಫೈಲ್‌ನ ಒಂದು ಬ್ಲಾಬ್ ಬರುತ್ತದೆ. ಇನ್-ಪ್ಯಾಕ್ 21, ಪ್ರಶ್ನೆಗುರುತು 9. ಕಮಿಟ್‌ಗಳ ಪಟ್ಟಿ ತೋರಿಸುವ ಗಿಟ್ ಲಾಗ್ ಓಡಿಸಿ. 9 ಹಾಗೇ ಇರುತ್ತದೆ, ಯಾಕೆಂದರೆ ಅದಕ್ಕೆ ಕಮಿಟ್ ಸಾಕು. ಒಂದೇ ಫೈಲ್‌ನ ಲಾಗ್ ಕೇಳಿದರೂ 9 ಹಾಗೇ, ಟ್ರೀಗಳೆಲ್ಲ ಮನೆಯಲ್ಲೇ ಇವೆ. ಈಗ ಬ್ಲೇಮ್. ಒಂದು ಕ್ಷಣ ತಡೆಯುತ್ತದೆ. ಹಳೆಯ ಬ್ಲಾಬ್‌ಗಳನ್ನು ಒಂದರ ಹಿಂದೆ ಒಂದರಂತೆ ತರಿಸಿಕೊಂಡು ಹತ್ತು ಸಾಲಿಗೆ ಹತ್ತು ಸರಿಯಾದ ಕಮಿಟ್ ತೋರಿಸುತ್ತದೆ. ಮತ್ತೆ ಎಣಿಸಿ. ಪ್ರಶ್ನೆಗುರುತು ಸೊನ್ನೆ, ಇನ್-ಪ್ಯಾಕ್ 30. ಎರಡನೇ ಸಲ ಬ್ಲೇಮ್ ಓಡಿಸಿದರೆ ಸರ್ವರ್ ಕಡೆ ಹೋಗುವುದೇ ಇಲ್ಲ.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮತ್ತೆ ವಿವರಿಸಬೇಕಿಲ್ಲ. ಶಾಲೋ ಬೇಗ ಉತ್ತರ ಕೊಟ್ಟಿತು, ತಪ್ಪು ಉತ್ತರ. ಬ್ಲಾಬ್‌ಲೆಸ್ ತಡವಾಗಿ ಕೊಟ್ಟಿತು, ಸರಿ ಉತ್ತರ. ಜನ ಕೂತು ಕೋಡ್ ಬರೆಯುವ ಯಂತ್ರಕ್ಕೆ ನಾನು ಶಾಲೋ ಹಾಕೋದಿಲ್ಲ. ಯಾರು ಏನು ವಾದ ಮಾಡಿದರೂ ಇದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ.

ಹಳೆಯ ಬ್ಲಾಬ್‌ಗಳಿಗಾಗಿ ಗಿಟ್ ಎಷ್ಟು ಸಲ ಸರ್ವರ್‌ಗೆ ಓಡಿತು ಅಂತ ನೋಡಲು ಆಜ್ಞೆಯ ಮುಂದೆ ಗಿಟ್_ಟ್ರೇಸ್=1 ಅಂತ ಸೇರಿಸಿ. ಮಧ್ಯೆ ಮಧ್ಯೆ ಫೆಚ್ ಅನ್ನುವ ಸಾಲುಗಳು ಬರುತ್ತವೆ, ಅವೇ ತೂಬು ಎತ್ತಿದ ಲೆಕ್ಕ. ನಿಮ್ಮ ನಿಜವಾದ ರೆಪೊದಲ್ಲಿ ಇದನ್ನೊಮ್ಮೆ ಮಾಡಿ. ದಿನಾ ಬಳಸುವ ಐದಾರು ಆಜ್ಞೆ ಬರೆದುಕೊಂಡು ಒಂದೊಂದಕ್ಕೂ ಎಷ್ಟು ಫೆಚ್ ಆಯಿತು ನೋಡಿ. ಚೆಕೌಟ್ ಮಾಡುವಾಗ ಗಿಟ್ ಬೇಕಾದ ಬ್ಲಾಬ್‌ಗಳನ್ನು ಒಟ್ಟಿಗೆ ಕಟ್ಟಿ ತರುತ್ತದೆ, ಹಾಗಾಗಿ ಅದು ಸಹಿಸಬಹುದಾದ ಹೊತ್ತಿನಲ್ಲಿ ಮುಗಿಯುತ್ತದೆ. ಬ್ಲೇಮ್ ಹಾಗಲ್ಲ, ಚಿಲ್ಲರೆ ಚಿಲ್ಲರೆಯಾಗಿ ತರುತ್ತದೆ. ಸರ್ವರ್ ದೂರದ ದೇಶದಲ್ಲಿದ್ದರೆ ಒಂದೊಂದು ಓಡಾಟವೂ ತಿಳಿಯುತ್ತದೆ.

ಟ್ರೀಲೆಸ್, ಮತ್ತು ಸುಳ್ಳು ಹೇಳುವ ಎಣಿಕೆ

ಫಿಲ್ಟರ್‌ಗೆ ಟ್ರೀ:0 ಅಂತ ಕೊಟ್ಟರೆ ಕಮಿಟ್ ಮಾತ್ರ ಬರುತ್ತದೆ. ನಮ್ಮ ಪುಟ್ಟ ರೆಪೊದಲ್ಲಿ 10 ಕಮಿಟ್, ಚೆಕೌಟ್ ಆದ ಮೇಲೆ ಒಂದು ಟ್ರೀ, ಒಂದು ಬ್ಲಾಬ್. ಒಟ್ಟು 12. ಬ್ಲಾಬ್‌ಲೆಸ್‌ನ 21ಕ್ಕಿಂತ ಹಗುರ.

ಆದರೆ ಇಲ್ಲಿ ಪ್ರಶ್ನೆಗುರುತಿನ ಎಣಿಕೆಯನ್ನು ನಂಬಬೇಡಿ. ನಿಜಕ್ಕೂ ನಮ್ಮ ಹತ್ತಿರ ಇಲ್ಲದ್ದು 9 ಟ್ರೀ, 9 ಬ್ಲಾಬ್, ಸೇರಿಸಿದರೆ 18. ಟ್ರೀಯೇ ಇಲ್ಲದಿದ್ದರೆ ಅದರೊಳಗೆ ಯಾವ ಬ್ಲಾಬ್ ಇದೆ ಅಂತ ಗಿಟ್‌ಗೆ ಹೇಗೆ ಗೊತ್ತಾಗಬೇಕು? ಹೆಸರೇ ಗೊತ್ತಿಲ್ಲದ್ದನ್ನು ಅದು ಕಾಣೆಯಾಗಿದೆ ಅಂತ ಪಟ್ಟಿ ಮಾಡಲಾರದು. ಬ್ಲಾಬ್‌ಲೆಸ್ ಮತ್ತು ಟ್ರೀಲೆಸ್ ಹೋಲಿಸುವಾಗ ಈ ಸಂಖ್ಯೆ ಹಿಡಿದುಕೊಂಡು ಹೊರಟರೆ ದಾರಿ ತಪ್ಪುತ್ತೀರಿ. ಇನ್-ಪ್ಯಾಕ್ ಸಂಖ್ಯೆಯನ್ನು ಪೂರ್ತಿ ಕ್ಲೋನ್‌ನ ಸಂಖ್ಯೆಗೆ ಹೋಲಿಸಿ, ಕ್ಲೋನ್ ಆದ ಕೂಡಲೇ ನೋಡಿದರೆ ಅದು ಮೋಸ ಮಾಡುವುದಿಲ್ಲ.

ಬಳಕೆಯಲ್ಲೂ ಟ್ರೀಲೆಸ್ ಕಷ್ಟ. ಒಂದು ಫೋಲ್ಡರ್‌ನ ಲಾಗ್ ಕೇಳಿದರೆ ಸಾಕು, ಪ್ರತಿ ಹಳೆಯ ಕಮಿಟ್‌ನ ಟ್ರೀಯನ್ನೂ ತರಬೇಕಾಗುತ್ತದೆ. ಒಂದು ಟ್ರೀ ಕೇಳಿದರೆ ಅದರ ಕೆಳಗಿನ ಟ್ರೀಗಳೆಲ್ಲ ಜೊತೆಗೇ ಬರುತ್ತವೆ, ಮೊದಲೇ ಇರುವಂಥವೂ ಮತ್ತೆ ಬರಬಹುದು. ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಒಮ್ಮೆ ಬಿಲ್ಡ್ ಮಾಡಿ, ಅಂದರೆ ಕೋಡ್‌ನಿಂದ ಪ್ರೋಗ್ರಾಂ ಕಟ್ಟಿ, ಅಳಿಸಿಹಾಕುವ ಯಂತ್ರದಲ್ಲಿ, ಅದಕ್ಕೂ ಕಮಿಟ್‌ಗಳ ಪಟ್ಟಿ ಬೇಕಿದ್ದರೆ ಮಾತ್ರ ಇದನ್ನು ಬಳಸಿ. ಆವೃತ್ತಿ ಸಂಖ್ಯೆಯನ್ನು ಹಳೆಯ ಟ್ಯಾಗ್‌ನಿಂದ ಲೆಕ್ಕ ಹಾಕುವ ಗಿಟ್ ಡಿಸ್ಕ್ರೈಬ್ ಥರದ ಕೆಲಸ ಇದ್ದಾಗ ಇದು ಅನುಕೂಲ. ಶಾಲೋದಲ್ಲಿ ಆ ಟ್ಯಾಗ್ ಗಡಿಯಾಚೆ ಉಳಿದು ಬಿಲ್ಡ್ ಬಿದ್ದುಹೋಗುತ್ತದೆ.

ನಡುವಿನ ದಾರಿ ಒಂದಿದೆ. ಫಿಲ್ಟರ್‌ಗೆ ಬ್ಲಾಬ್:ಲಿಮಿಟ್=1ಎಂ ಅಂತ ಕೊಟ್ಟರೆ 1 ಎಂಬಿ ಮತ್ತು ಅದಕ್ಕಿಂತ ದೊಡ್ಡ ಬ್ಲಾಬ್‌ಗಳನ್ನು ಮಾತ್ರ ಬಿಟ್ಟು ಬರುತ್ತದೆ. ಕೋಡ್ ಫೈಲ್‌ಗಳು ಸಾಮಾನ್ಯವಾಗಿ ಅಷ್ಟು ದೊಡ್ಡವಿರೋದಿಲ್ಲ. ಹಾಗಾಗಿ ಕೋಡ್‌ನ ಇತಿಹಾಸವೆಲ್ಲ ಮನೆಯಲ್ಲಿ, ದಪ್ಪ ಚಿತ್ರಗಳ ಹಳೆಯ ಪ್ರತಿಗಳು ಸರ್ವರ್‌ನಲ್ಲಿ. ಬ್ಲೇಮ್ ಜಾಸ್ತಿ ಬಳಸುವವರಿಗೆ, ಹಳೆಯ ಪಿಡಿಎಫ್ ತುಂಬಿದ ರೆಪೊ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದನ್ನು ಯಾಕೋ ಜನ ಮರೆತೇಬಿಡುತ್ತಾರೆ.

ಸ್ಪಾರ್ಸ್ ಚೆಕೌಟ್ ಬೇರೆ ವಿಷಯ

'ನನಗೆ ಒಂದು ಫೋಲ್ಡರ್ ಸಾಕು, ಸ್ಪಾರ್ಸ್ ಚೆಕೌಟ್ ಮಾಡಿದೆ, ಆದರೂ ಇಡೀ ರೆಪೊ ಇಳಿಯಿತಲ್ಲ' ಅಂತ ಮೈಸೂರಿನ ಗೆಳೆಯರೊಬ್ಬರು ಕೇಳಿದ್ದರು. ಇಳಿಯಲೇಬೇಕು. ಸ್ಪಾರ್ಸ್ ಚೆಕೌಟ್ ನೋಡಿಕೊಳ್ಳುವುದು ನಿಮ್ಮ ಕಣ್ಣಿಗೆ ಕಾಣುವ ಫೈಲ್‌ಗಳನ್ನು ಮಾತ್ರ. ಒಳಗಿನ ಉಗ್ರಾಣದಲ್ಲಿ ಎಷ್ಟು ಇರಬೇಕು ಅನ್ನೋದು ಅದಕ್ಕೆ ಸಂಬಂಧ ಇಲ್ಲ. ಎರಡನ್ನೂ ಜೋಡಿಸಿದಾಗಲೇ ಲಾಭ:

ಗಿಟ್ ಕ್ಲೋನ್ --ಫಿಲ್ಟರ್=ಬ್ಲಾಬ್:ನನ್ --ಸ್ಪಾರ್ಸ್ ವಿಳಾಸ
ಗಿಟ್ ಸ್ಪಾರ್ಸ್-ಚೆಕೌಟ್ ಸೆಟ್ ಫೋಲ್ಡರ್‌ಹೆಸರು

ಆಗ ಆ ಫೋಲ್ಡರ್‌ನ ಬ್ಲಾಬ್‌ಗಳು ಮತ್ತು ಮೇಲಿನ ಮಟ್ಟದ ಫೈಲ್‌ಗಳಷ್ಟೇ ಇಳಿಯುತ್ತವೆ. ಸ್ಪಾರ್ಸ್-ಚೆಕೌಟ್ ಆಜ್ಞೆ 2020ರ ಗಿಟ್ 2.25ರಲ್ಲಿ ಬಂತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಾಗ ಆ ರೆಪೊ ಸುಮಾರು 300 ಜಿಬಿ, 35 ಲಕ್ಷ ಫೈಲ್ ಇತ್ತು. ಅಂಥ ಗಾತ್ರಕ್ಕಾಗಿ ಬೆಳೆದ ಸ್ಕೇಲಾರ್ ಅನ್ನುವ ಸಾಧನ 2022ರ ಗಿಟ್ 2.38ರಿಂದ ಗಿಟ್ ಜೊತೆಗೇ ಬರುತ್ತದೆ. ಅದು ಮಾಡುವುದೂ ಹೆಚ್ಚುಕಮ್ಮಿ ಇದೇ ಜೋಡಣೆ. ನಮ್ಮ ಕಡೆಯ ಸಣ್ಣ ತಂಡಗಳಿಗೆ ಅಷ್ಟು ಬೇಕಾಗುವುದಿಲ್ಲ, ಮೇಲಿನ ಎರಡು ಸಾಲು ಸಾಕು.

ರೈಲು ಹತ್ತುವ ಮೊದಲು ಮಾಡುವ ಪರೀಕ್ಷೆ

ಬ್ಲಾಬ್‌ಲೆಸ್‌ನ ದೊಡ್ಡ ತೊಂದರೆ ನನಗೆ ಗೊತ್ತಾದದ್ದು ಮಂಡ್ಯ ಬಿಟ್ಟ ರೈಲಿನಲ್ಲಿ. ಪಾಂಡವಪುರ ದಾಟಿತ್ತು. ಹಿಂದಿನ ವರ್ಷದ ಒಂದು ಬ್ರಾಂಚ್‌ಗೆ (ಕೋಡ್‌ನ ಬೇರೆ ಕವಲಿಗೆ) ಹೋಗಿ ಏನೋ ನೋಡಬೇಕಿತ್ತು. ಸ್ವಿಚ್ ಅಂದೆ. ಆ ಹೊತ್ತಿಗೆ ಮೊಬೈಲ್ ಹಾಟ್‌ಸ್ಪಾಟ್ ಕೈಕೊಟ್ಟಿತ್ತು. ಪ್ರಾಮಿಸರ್‌ನಿಂದ ವಸ್ತು ತರಲು ಆಗಲಿಲ್ಲ ಅಂತ ಒಂದು ಸಾಲು ಬಂದು ಗಿಟ್ ನಿಂತುಹೋಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಇನ್ನೂ ಅದೇ ಸಾಲು ನೋಡುತ್ತಾ ಕೂತಿದ್ದೆ. ಬ್ರಾಂಚ್‌ನ ಹೆಸರಿತ್ತು, ಕಮಿಟ್ ಇತ್ತು, ಫೈಲ್‌ಗಳ ಪಟ್ಟಿ ಇತ್ತು. ಒಳಗಿನ ವಿಷಯ ಮಾತ್ರ ಇರಲಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬ್ಲೇಮ್ ಇನ್ನೂ ಓಡಿಸದ ಹೊಸ ಬ್ಲಾಬ್‌ಲೆಸ್ ಕ್ಲೋನ್ ಒಂದನ್ನು ಮಾಡಿಕೊಳ್ಳಿ. 2024ರ ಗಿಟ್ 2.45ರಿಂದ ನೋ-ಲೇಜಿ-ಫೆಚ್ ಅನ್ನುವ ಆಯ್ಕೆ ಇದೆ:

ಗಿಟ್ --ನೋ-ಲೇಜಿ-ಫೆಚ್ ಬ್ಲೇಮ್ ಕೆಆರ್‌ಎಸ್

ನೆಟ್ ಇದ್ದರೂ ಇಲ್ಲದ ಹಾಗೆ ನಡೆದುಕೊಳ್ಳುತ್ತದೆ. ಯಾವ ಆಜ್ಞೆ ಬೀಳುತ್ತದೆ, ಯಾವುದು ನಡೆಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಹಳೆಯ ಗಿಟ್ ಇದ್ದರೆ ವೈಫೈ ಆಫ್ ಮಾಡಿ ನೋಡಿ, ಅದೂ ಪರೀಕ್ಷೆಯೇ. ಪರೀಕ್ಷಾ ರೆಪೊದಲ್ಲಾದರೆ ಮೂಲ ಫೋಲ್ಡರ್‌ನ ಹೆಸರನ್ನು ಸ್ವಲ್ಪ ಹೊತ್ತು ಬದಲಿಸಿದರೂ ಸಾಕು.

ಪರಿಹಾರವೂ ಬಂದಿದೆ. 2025ರ ಗಿಟ್ 2.49ರಲ್ಲಿ ಗಿಟ್ ಬ್ಯಾಕ್‌ಫಿಲ್ ಅನ್ನುವ ಆಜ್ಞೆ ಸೇರಿತು. ಬಿಟ್ಟುಹೋದ ಬ್ಲಾಬ್‌ಗಳನ್ನು ಚಿಲ್ಲರೆಯಾಗಿ ತರದೆ ದೊಡ್ಡ ದೊಡ್ಡ ಕಂತಿನಲ್ಲಿ ತರುತ್ತದೆ. ಬೆಳಿಗ್ಗೆ ಬ್ಲಾಬ್‌ಲೆಸ್ ಕ್ಲೋನ್ ಮಾಡಿ ತಕ್ಷಣ ಕೆಲಸ ಶುರು ಮಾಡಿ. ರಾತ್ರಿ ಮಲಗುವಾಗ ಬ್ಯಾಕ್‌ಫಿಲ್ ಬಿಟ್ಟು ಮಲಗಿ. ನಡುವೆ ನಿಂತರೂ ಅಷ್ಟರಲ್ಲಿ ಬಂದ ಕಂತುಗಳು ಉಳಿದಿರುತ್ತವೆ. ಸ್ಪಾರ್ಸ್ ಬಳಸುವವರು ತಮ್ಮ ಫೋಲ್ಡರ್‌ಗೆ ಮಾತ್ರ ಮಾಡಿಕೊಳ್ಳಲು ಅದರಲ್ಲೇ --ಸ್ಪಾರ್ಸ್ ಆಯ್ಕೆ ಇದೆ.

ಈ ಮಾತನ್ನು ಬ್ಯಾಕಪ್ ವಿಷಯಕ್ಕೂ ತಂದುಕೊಳ್ಳಿ. ಸರ್ವರ್ ಹಾಳಾದರೆ ಪೂರ್ತಿ ಕ್ಲೋನ್ ಇರುವ ಒಬ್ಬರ ಲ್ಯಾಪ್‌ಟಾಪ್‌ನಿಂದ ಇಡೀ ಯೋಜನೆಯನ್ನು ಎತ್ತಿ ನಿಲ್ಲಿಸಬಹುದು. ತಂಡದವರೆಲ್ಲ ಬ್ಲಾಬ್‌ಲೆಸ್‌ನಲ್ಲಿದ್ದರೆ ಯಾರ ಹತ್ತಿರವೂ ಹಳೆಯ ಫೈಲ್ ಇರುವುದಿಲ್ಲ. ತಂಡದಲ್ಲಿ ಒಂದಾದರೂ ಪೂರ್ತಿ ಕ್ಲೋನ್ ಇರಲೇಬೇಕು. ಇದು ನನ್ನ ಬೇಡಿಕೆ ಅಂತಲೇ ಇಟ್ಟುಕೊಳ್ಳಿ.

ಯಾರಿಗೆ ಯಾವುದು

ದಿನಾ ಕೋಡ್ ಬರೆಯುವವರು, ಆಫೀಸಿನಲ್ಲಿ ನೆಟ್ ಚೆನ್ನಾಗಿರುವವರು: ಬ್ಲಾಬ್‌ಲೆಸ್. ರೆಪೊ ಚಿಕ್ಕದಿದ್ದರೆ ಇದೂ ಬೇಡ, ಸುಮ್ನೆ ಪೂರ್ತಿ ಕ್ಲೋನ್ ಮಾಡಿ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಫಿಲ್ಟರ್ ಹುಡುಕುವುದು ಯಾಕೆ, ಅಲ್ವಾ?

ತಾನಾಗಿ ಬಿಲ್ಡ್ ಮಾಡುವ ಯಂತ್ರಗಳು: ಶಾಲೋ. ಇಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಗಿಟ್‌ಹಬ್ ಆಕ್ಷನ್ಸ್‌ನ ಚೆಕೌಟ್ ಕೂಡ ಬೇರೆ ಹೇಳದಿದ್ದರೆ ಒಂದೇ ಕಮಿಟ್ ತರುತ್ತದೆ. ಅಳಿಸಿಹಾಕುವ ಯಂತ್ರ ಬ್ಲೇಮ್ ಕೇಳುವುದಿಲ್ಲ. ಆದರೆ ಎರಡು ಬ್ರಾಂಚ್ ನಡುವೆ ಏನು ಬದಲಾಯಿತು ಅಂತ ನೋಡುವ ಬಿಲ್ಡ್ ಆಗಿದ್ದರೆ ಎಚ್ಚರ. ಡೆಪ್ತ್ ಕೊಟ್ಟರೆ ಒಂದೇ ಬ್ರಾಂಚ್ ಬರುತ್ತದೆ, --ನೋ-ಸಿಂಗಲ್-ಬ್ರಾಂಚ್ ಅಂತ ಸೇರಿಸಬೇಕು. ಸೇರಿಸಿದರೂ ಎರಡು ಬ್ರಾಂಚ್ ಎಲ್ಲಿ ಕವಲೊಡೆದವು ಅನ್ನುವ ಕಮಿಟ್ ಗಡಿಯಾಚೆ ಇದ್ದರೆ ಗಿಟ್ ಅವೆರಡಕ್ಕೂ ಸಂಬಂಧವೇ ಇಲ್ಲ ಅಂದುಬಿಡುತ್ತದೆ.

ಮನೆಯಲ್ಲಿ ನೆಟ್ ಪದೇ ಪದೇ ಹೋಗುವ ಊರಿನವರು: ಮಳವಳ್ಳಿ, ಕೆ.ಆರ್. ಪೇಟೆ ಕಡೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಗಿಟ್ ಕ್ಲೋನ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು ಮಾಡಬೇಕು, ನಿಂತಲ್ಲಿಂದ ಮುಂದುವರಿಯುವುದಿಲ್ಲ. ಅವರಿಗೆ ಶಾಲೋ ಒಂದು ಏಣಿ. ಮೊದಲು ಡೆಪ್ತ್ 1. ಆಮೇಲೆ ಗಿಟ್ ಫೆಚ್ --ಡೀಪನ್=500 ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಒಂದು ಮೆಟ್ಟಿಲು ಮುಗಿದರೆ ಅದು ನಿಮ್ಮದು. ಕೊನೆಗೆ --ಅನ್‌ಶಾಲೋ ಅಂದರೆ ಆ ಬ್ರಾಂಚ್‌ನ ಇತಿಹಾಸ ಪೂರ್ತಿ ಕೈಸೇರುತ್ತದೆ. ಇತಿಹಾಸ ಪೂರ್ತಿಯಾಗುವವರೆಗೆ ಬ್ಲೇಮ್ ನಂಬಬೇಡಿ, ಅಷ್ಟೇ.

ಇನ್ನೂ ಸುಲಭದ ದಾರಿ ಬಂಡಲ್. ಪೂರ್ತಿ ಕ್ಲೋನ್ ಇರುವ ಗೆಳೆಯರು ಗಿಟ್ ಬಂಡಲ್ ಕ್ರಿಯೇಟ್ ರೆಪೊ.ಬಂಡಲ್ --ಆಲ್ ಅಂದರೆ ಇಡೀ ರೆಪೊ ಒಂದೇ ಫೈಲ್ ಆಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ಸಿನಲ್ಲಿ ತನ್ನಿ. ಮನೆಯಲ್ಲಿ ಆ ಫೈಲ್‌ನಿಂದಲೇ ಕ್ಲೋನ್ ಮಾಡಿ, ಒರಿಜಿನ್ ವಿಳಾಸವನ್ನು ನಿಜವಾದ ಸರ್ವರ್‌ಗೆ ಬದಲಿಸಿ. ಆಮೇಲೆ ಹೊಸ ಕಮಿಟ್‌ಗಳಷ್ಟೇ ನೆಟ್‌ನಲ್ಲಿ ಬರುತ್ತವೆ.

ಕಾಲೇಜಿನ ಲ್ಯಾಬ್: ಅರವತ್ತು ಯಂತ್ರವೂ ಹೊರಗಿನ ಸರ್ವರ್‌ನಿಂದ ಇಳಿಸಿಕೊಳ್ಳುವುದು ಬೇಡ. ಲ್ಯಾಬ್ ಒಳಗೆ ಒಂದು ಪೂರ್ತಿ ಮಿರರ್ ಕ್ಲೋನ್ ಇಡಿ, ಅದರಲ್ಲಿ ಫಿಲ್ಟರ್‌ಗೆ ಅನುಮತಿ ಕೊಡಿ. ಉಳಿದವು ಅದರಿಂದ ಬ್ಲಾಬ್‌ಲೆಸ್ ಮಾಡಿಕೊಳ್ಳಲಿ. ತೂಬು ಹತ್ತಿರವೇ ಇರುವುದರಿಂದ ಬ್ಲೇಮ್ ಕೂಡ ಬೇಗ ಬರುತ್ತದೆ. ಆ ನಡುವಿನ ಕ್ಲೋನ್ ಮಾತ್ರ ಯಾವ ಕಾರಣಕ್ಕೂ ಪಾರ್ಷಿಯಲ್ ಆಗಿರಬಾರದು. ತನ್ನ ಹತ್ತಿರವೇ ಇಲ್ಲದ್ದನ್ನು ಅದು ಇನ್ನೊಬ್ಬರಿಗೆ ಕೊಡಲಾರದು.

ಈಗಾಗಲೇ ಇಳಿಸಿಕೊಂಡ ರೆಪೊ ಯಾವ ಬಗೆಯದು ಅಂತ ತಿಳಿಯದವರಿಗೆ ಎರಡು ಆಜ್ಞೆ ಇವೆ. ಗಿಟ್ ರೆವ್-ಪಾರ್ಸ್ --ಈಸ್-ಶಾಲೋ-ರೆಪೊಸಿಟರಿ ಅಂದಾಗ ಟ್ರೂ ಬಂದರೆ ಅದು ಶಾಲೋ. ಗಿಟ್ ಕಾನ್ಫಿಗ್ ರಿಮೋಟ್.ಒರಿಜಿನ್.ಪಾರ್ಷಿಯಲ್‌ಕ್ಲೋನ್‌ಫಿಲ್ಟರ್ ಅಂದಾಗ ಯಾವ ಫಿಲ್ಟರ್ ಹಾಕಿದ್ದರು ಅಂತ ಬರುತ್ತದೆ, ಏನೂ ಬರದಿದ್ದರೆ ಪಾರ್ಷಿಯಲ್ ಅಲ್ಲ. ಫಿಲ್ಟರ್ ಬದಲಿಸಬೇಕೆಂದರೆ ಹೊಸ ಫಿಲ್ಟರ್ ಜೊತೆ ಗಿಟ್ ಫೆಚ್ --ರೀಫೆಚ್ ಮಾಡಬಹುದು. ಮೊದಲು ಇದ್ದದ್ದನ್ನು ಲೆಕ್ಕಿಸದೆ ಎಲ್ಲವನ್ನೂ ಹೊಸದಾಗಿ ತರುತ್ತದೆ, ಹಾಗಾಗಿ ನೆಟ್ ಚೆನ್ನಾಗಿರುವಾಗ ಮಾಡಿ.

ಆ ಹುಡುಗಿಯ ಯಂತ್ರದಲ್ಲಿ ಅವತ್ತು ಸಂಜೆ ನಾನು ಮೊದಲ ಆಜ್ಞೆ ಓಡಿಸಿ ತೋರಿಸಿದೆ. ಫಾಲ್ಸ್ ಅಂತ ಬಂತು. ಅವಳ ಕ್ಲೋನ್ ಪೂರ್ತಿ ಇತ್ತು. ಅದರಲ್ಲೇ ಬ್ಲೇಮ್ ಓಡಿಸಿ, ಬೆಳಿಗ್ಗೆ ಕೇಳಿದವರನ್ನೆಲ್ಲ ಕರೆದು ಕೂರಿಸಿ, ಆ ಸಾಲಿನ ಮುಂದಿದ್ದ ಹಳೆಯ ತಾರೀಖನ್ನು ಅವಳೇ ಓದಿ ಹೇಳಿದಳು. ಅವಳು ಕೆಲಸಕ್ಕೆ ಸೇರುವ ಮೊದಲಿನ ತಾರೀಖು ಅದು.